ಚಿಕ್ಕಲಸಂದ್ರದಲ್ಲಿ ಮಾಡಿದ ಸಮುದ್ರದ ತಿದಿ

ಹೋದ ತಿಂಗಳು ಇಟ್ಟಮಡುವಿನ ಇಳಿಜಾರಿನಲ್ಲಿ ನನ್ನ ಸ್ಕೂಟರು ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬು ಹೊರಗೆಳೆದು, ಉಜ್ಜಿ, ಸಲ್ಯೂಷನ್ ಹಚ್ಚಿ, ತೇಪೆಯನ್ನು ಬಿಸಿ ಕಬ್ಬಿಣದ ಕೆಳಗಿಟ್ಟ. ಬೆಂದ ರಬ್ಬರು ಮತ್ತು ಗಂಧಕದ ವಾಸನೆ ಗಪ್ಪೆಂದು ಎದ್ದಿತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಇನ್ನಷ್ಟು ಹತ್ತಿರ ಹೋಗಿ ನಿಂತೆ. "ಮೇಡಂ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ತಲೆನೋವು ಬರುತ್ತೆ," ಎಂದ ಅವನು. ಅವನಿಗೆ ಏನೆಂದು ಹೇಳಲಿ? ನನ್ನ ಇಪ್ಪತ್ತಮೂರನೆಯ ವಯಸ್ಸಿನ ಒಂದಿಡೀ ವರ್ಷ ನಾನು ಈ ವಾಸನೆಯಲ್ಲೇ ಉಸಿರಾಡಿದ್ದೆ.

ಹೊಸ ಶತಮಾನ ಶುರುವಾಗಿ ಮೂರೋ ನಾಲ್ಕೋ ವರ್ಷವಾಗಿತ್ತು. ಗದಗಿನಲ್ಲಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿಗೆ ಬಂದ ನಾನು ಬಿಟಿಎಂ ಲೇಔಟಿನ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯ ಒಡತಿ ಜಯಮ್ಮ ಆಂಟಿ. ಬಡಾವಣೆ ಹುಟ್ಟುವ ಮೊದಲು ಅಲ್ಲಿ ಅವರ ರಾಗಿ ಹೊಲವಿತ್ತಂತೆ. ಈಗ ಅದೇ ಜಾಗದಲ್ಲಿ ಮೂರು ಅಂತಸ್ತು, ಆರು ಬಾಡಿಗೆ ಮನೆ. ಆದರೂ ಬೆಳಗ್ಗೆ ಎದ್ದ ಕೂಡಲೇ ಮಹಡಿಗೆ ಬಂದು ಮೋಡ ನೋಡುವುದನ್ನು ಅವರು ಬಿಟ್ಟಿರಲಿಲ್ಲ. ನನ್ನ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ, ಅವರದು ನನಗೆ ಅರ್ಧ ತಿಳಿಯುತ್ತಿರಲಿಲ್ಲ. "ಅದೇನ್ ಮಾತಾಡ್ತೀಯೋ ಮಗ, ಕೇಳಕ್ಕೆ ಮಾತ್ರ ಚೆಂದಾಗೈತೆ," ಎನ್ನುತ್ತಿದ್ದರು. ಹೆಣ್ಣುಮಕ್ಕಳಿಲ್ಲದ ಮನೆ. ನಾನು ಬಂದ ಎರಡನೆಯ ತಿಂಗಳಿಗೇ, ಬಸ್ಸಾರು ಮಾಡಿದ ದಿನ ಒಂದು ಬಟ್ಟಲು ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬರತೊಡಗಿತು.

ಕೆಲಸ ಸಿಕ್ಕಿದ್ದು ಚಿಕ್ಕಲಸಂದ್ರದಲ್ಲಿ, ಬನಶಂಕರಿಯಲ್ಲಿ ಬಸ್ಸು ಬದಲಿಸಿ ಹೋಗಬೇಕು. ಕೆಂಪಣ್ಣ ಎನ್ನುವವರ ರಬ್ಬರ್ ಶೆಡ್ಡು. ಅವರು ಅದೇ ಊರಿನವರು. ಹೊಲಗಳೆಲ್ಲ ಸೈಟುಗಳಾದಾಗ ಅಣ್ಣತಮ್ಮಂದಿರು ಮನೆ ಕಟ್ಟಿ ಬಾಡಿಗೆಗೆ ಬಿಟ್ಟರು; ಇವರು ಮಾತ್ರ ಹಿಂದೆ ಯಾವುದೋ ಕಾರ್ಖಾನೆಯಲ್ಲಿ ಕಲಿತ ಕೆಲಸವನ್ನು ನೆಚ್ಚಿಕೊಂಡು ತಗಡಿನ ಶೆಡ್ಡು ಹಾಕಿದರು. ಪಂಪಿನ ವಾಷರು, ಲಾರಿಯ ಬುಷ್ಷು, ಇಂಥವು. ಯಜಮಾನರೂ ಅವರೇ, ಮೇಸ್ತ್ರಿಯೂ ಅವರೇ. ಗಂಧಕ, ಕಪ್ಪು ಪುಡಿ ತೂಗಿ ಕೊಡುವುದು, ತಯಾರಾದ ತುಂಡುಗಳನ್ನು ಎಳೆದು ಬಗ್ಗಿಸಿ ಎಷ್ಟು ತಾಳುತ್ತವೆಂದು ಬರೆದಿಡುವುದು ನನ್ನ ಕೆಲಸವಾಗಿತ್ತು.

ಆ ಶೆಡ್ಡಿನಲ್ಲಿ ಒಂದೇ ಒಂದು ಮಡಿ ಇತ್ತು, ಎಣ್ಣೆಯ ಮಡಿ. ರಬ್ಬರಿಗೆ ಎಣ್ಣೆ ಆಗದು. ಬೇಯದ ಎರಡು ಹಾಳೆಗಳನ್ನು ಒಂದರ ಮೇಲೊಂದು ಒತ್ತಿ ಬೇಯಿಸಿದರೆ ಅವು ಒಂದೇ ಆಗಬೇಕು. ನಡುವೆ ಒಂದು ಬೆರಳಿನ ಜಿಡ್ಡು ತಗುಲಿದರೂ ಅಷ್ಟು ಜಾಗ ಅಂಟುವುದಿಲ್ಲ. ಹೊರಗೆ ಏನೂ ಕಾಣುವುದಿಲ್ಲ, ಆಮೇಲೆ ಎಂದೋ ಬಿಟ್ಟುಕೊಳ್ಳುತ್ತದೆ. ಕೆಂಪಣ್ಣ ಇಪ್ಪತ್ತು ವರ್ಷದಿಂದ ತಲೆಗೆ ಎಣ್ಣೆ ಹಚ್ಚಿದವರಲ್ಲ. ಕೂದಲು ತೆಂಗಿನ ನಾರಿನ ಹಾಗೆ ನಿಂತಿರುತ್ತಿತ್ತು. ಊಟದ ಡಬ್ಬಿಯನ್ನು ಗೇಟಿನ ಹೊರಗೆ, ಹೊಂಗೆ ಮರದ ಕೆಳಗೇ ಬಿಚ್ಚಬೇಕು. ಬೋಂಡ ತಿಂದ ಕೈಯಲ್ಲಿ ಹಾಳೆ ಮುಟ್ಟಿದ ಕೆಲಸಗಾರನೊಬ್ಬನನ್ನು ಅವರು ಒಂದು ವಾರ ಒಳಗೆ ಬಿಟ್ಟಿರಲಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದ್ದೆ, ನೋಡಿ ಹೆದರಿಯೂ ಇದ್ದೆ.

ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಶ್ರೀಧರ್ ಸಾರ್ ಬಂದರು. ಜಯನಗರದವರು, ಸರ್ಕಾರಿ ಸಂಶೋಧನಾ ಸಂಸ್ಥೆಯೊಂದರ ಇಂಜಿನಿಯರು. ತೋಯ್ದ ರೇನ್‌ಕೋಟಿನ ಒಳಗಿಂದ ಒಂದು ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದರು. ಸಮುದ್ರದ ಅಲೆಯಿಂದ ಕರೆಂಟು ಮಾಡುವ ಯಂತ್ರ. ಕಬ್ಬಿಣದಲ್ಲಿ ಮಾಡಿದ್ದನ್ನೆಲ್ಲ ಅಲೆ ಬಡಿದು ಬಡಿದು ಮುರಿಯುತ್ತದೆ, ಉಪ್ಪು ತಿನ್ನುತ್ತದೆ. ಆದ್ದರಿಂದ ಅಲೆಯ ಜತೆ ತಾನೂ ಬಾಗುವ ವಸ್ತುವಿನಲ್ಲಿ ಮಾಡಬೇಕು ಎನ್ನುವುದು ಅವರ ಹಟ. ಎರಡು ಪದರ ರಬ್ಬರು, ನಡುವೆ ನೈಲಾನ್ ಬಟ್ಟೆ, ಆಳೆತ್ತರದ ಚೀಲ. ಅಲೆ ಬಂದು ಅದುಮಿದರೆ ಒಳಗಿನ ಗಾಳಿ ಕೊಳವೆಯಲ್ಲಿ ನುಗ್ಗಿ ಒಂದು ಚಕ್ರವನ್ನು ತಿರುಗಿಸುತ್ತದೆ; ಅಲೆ ಹೋದರೆ ಚೀಲ ಮತ್ತೆ ಉಬ್ಬುತ್ತದೆ.

ಕೆಂಪಣ್ಣ ನಕ್ಷೆಯನ್ನು ಅತ್ತಿತ್ತ ತಿರುಗಿಸಿ ನೋಡಿದರು. "ಕುಲುಮೆ ತಿದಿ ಸಾರ್ ಇದು. ಒತ್ತೋನು ಆಚಾರಿ ಬದ್ಲು ಸಮುದ್ರ."

"ಹನ್ನೊಂದು ವರ್ಷದಿಂದ ಇದನ್ನ ಎಲ್ರಿಗೂ ವಿವರಿಸ್ತಾ ಇದೀನಿ," ಎಂದರು ಶ್ರೀಧರ್ ಸಾರ್. "ಇಷ್ಟು ಚೆನ್ನಾಗಿ ನಂಗೇ ಹೇಳಕ್ಕೆ ಬಂದಿರ್ಲಿಲ್ಲ."

ಅಂದಿನಿಂದ ಅದರ ಹೆಸರು ತಿದಿಯೇ ಆಯಿತು. ತಮಾಷೆಯೆಂದರೆ ನಮ್ಮಲ್ಲಿ ಸಮುದ್ರ ಕಂಡವರು ಶ್ರೀಧರ್ ಸಾರ್ ಒಬ್ಬರೇ. ಕೆಂಪಣ್ಣನಿಗೆ ದೊಡ್ಡ ನೀರೆಂದರೆ ಚಿಕ್ಕಂದಿನಲ್ಲಿ ಕಂಡ ಹುಳಿಮಾವಿನ ಕೆರೆ. ನನಗೆ ಅದೂ ಇಲ್ಲ, ಗದಗಿನಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ನಲ್ಲಿ. ಇಂಥ ನಾವು ಒಂದು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಸಮುದ್ರ ಮಾಡಿದೆವು. ಬೋರ್‌ವೆಲ್ ನೀರಿಗೆ ಅವರು ಹೇಳಿದಷ್ಟು ಕಲ್ಲುಪ್ಪು ಹಾಕಿ ಕದಡಿ, ಹೊಲಿಗೆ ಯಂತ್ರದ ಮೋಟಾರಿಗೆ ರಬ್ಬರಿನ ಪಟ್ಟಿಗಳನ್ನು ಕಟ್ಟಿ, ನೀರೊಳಗೆ ಎಳೆದು ಬಿಡುವ ಹಾಗೆ ಮಾಡಿದೆವು. ಮಳೆಗಾಲವಿಡೀ ಅದು ಕಟಕಟ ಎನ್ನುತ್ತಲೇ ಇತ್ತು. ಬೆಳಗ್ಗೆ ಬಂದವಳೇ ಎಷ್ಟು ಸಲ ಎಳೆದಿದೆಯೆಂದು ತೋರಿಸುವ ಎಣಿಕೆಯ ಮುಳ್ಳು ನೋಡಿ ಬರೆದುಕೊಂಡು, ಭೂತಗನ್ನಡಿ ಹಿಡಿದು ಪಟ್ಟಿಗಳಲ್ಲಿ ಬಿರುಕು ಹುಡುಕುತ್ತಿದ್ದೆ. ಪ್ರತಿ ಸಲ ಪೂರ್ತಿ ಸಡಿಲವಾಗುವ ಪಟ್ಟಿ ಬೇಗ ಬಿರಿಯಿತು. ಸದಾ ಸ್ವಲ್ಪ ಬಿಗಿಯಲ್ಲೇ ಇರುವ ಪಟ್ಟಿ ಅದರ ಎಷ್ಟೋ ಪಟ್ಟು ಬಾಳಿತು. ನನಗಿದು ತಲೆಕೆಳಗಾಗಿ ಕಂಡಿತು. ಎಳೆದು ಹಿಡಿದದ್ದಲ್ಲವೇ ಮೊದಲು ಹರಿಯಬೇಕು? ಎಳೆದಾಗ ರಬ್ಬರಿನ ಎಳೆಗಳು ಸಾಲಾಗಿ ಕೂತು ಬಿರುಕಿಗೆ ಅಡ್ಡ ನಿಲ್ಲುತ್ತವೆ, ಪೂರ್ತಿ ಬಿಟ್ಟರೆ ಚದುರಿ ಹೋಗುತ್ತವೆ ಎಂದು ಶ್ರೀಧರ್ ಸಾರ್ ನನಗೆ ಒಂದು ಮಧ್ಯಾಹ್ನವಿಡೀ ಚಿತ್ರ ಬರೆದು ವಿವರಿಸಿದರು. ತಿದಿಯೊಳಗೆ ಯಾವಾಗಲೂ ಒಂದಿಷ್ಟು ಗಾಳಿ ಉಳಿದು, ಅದು ಎಂದೂ ಪೂರ್ತಿ ಸಡಿಲವಾಗದ ಹಾಗೆ ನಕ್ಷೆ ಬದಲಾಯಿತು. ಕಾಲೇಜಿನಲ್ಲಿ ಮೂರು ವರ್ಷ ಓದಿದ್ದಕ್ಕಿಂತ ಆ ತೊಟ್ಟಿಯ ಪಕ್ಕ ಕಲಿತದ್ದು ಹೆಚ್ಚು.

ಶ್ರೀಧರ್ ಸಾರ್‌ಗೆ ಉಳಿದಿದ್ದ ಕಾಲ ಮಾತ್ರ ಕಡಿಮೆ. ಜನವರಿಯ ಕೊನೆಗೆ ನಿವೃತ್ತಿ. ಕರಾವಳಿಯ ಒಂದು ಸಣ್ಣ ಬಂದರಿನಲ್ಲಿ, ಅಲೆ ತಡೆಯುವ ಕಲ್ಲುಗೋಡೆಗೆ ತಿದಿ ಕಟ್ಟಲು ಒಪ್ಪಿಗೆ ಸಿಕ್ಕಿತ್ತು: ದೀಪಾವಳಿ ಕಳೆದ ಸೋಮವಾರದಿಂದ ಹದಿನೈದು ದಿನ, ಆಮೇಲೆ ಗೋಡೆಯ ರಿಪೇರಿ ಶುರು. ಹದಿನೈದು ದಿನದ ಅಳತೆ ಕೈಗೆ ಬಂದರೆ ಅವರು ಹೋದ ಮೇಲೂ ಬೇರೊಬ್ಬರು ಕೆಲಸ ಮುಂದುವರಿಸುತ್ತಾರೆ. ಬರದಿದ್ದರೆ ಹನ್ನೊಂದು ವರ್ಷದ ಫೈಲು ಮುಚ್ಚುತ್ತಾರೆ. ಇದನ್ನವರು ಗೋಳಾಡಿಕೊಂಡು ಹೇಳಲಿಲ್ಲ, ಬಸ್ಸಿನ ವೇಳೆ ಹೇಳುವ ಹಾಗೆ ಹೇಳಿದರು.

ಅಷ್ಟು ದೊಡ್ಡ ಚೀಲವನ್ನು ಹಬೆಯ ಡ್ರಮ್ಮಿನಲ್ಲಿ ಒಂದೇ ಹದದಲ್ಲಿ ಬೇಯಿಸಲು ಇಡೀ ದಿನ ವೋಲ್ಟೇಜು ಇಳಿಯಬಾರದು. ಅಕ್ಕಪಕ್ಕದಲ್ಲೆಲ್ಲ ಲೇತ್ ಅಂಗಡಿ, ವೆಲ್ಡಿಂಗ್ ಅಂಗಡಿ. ಅವು ನಡೆಯುವ ದಿನ ನಮ್ಮ ಬಲ್ಬು ಮಿಣುಕು ದೀಪ. ಅದಕ್ಕೇ ಕೆಂಪಣ್ಣ ದೊಡ್ಡ ಕೆಲಸಗಳನ್ನು ಹಬ್ಬದ ದಿನವೇ ಇಟ್ಟುಕೊಳ್ಳುತ್ತಿದ್ದರು. ಈ ಸಲ ಗೊತ್ತು ಮಾಡಿದ್ದು ನರಕ ಚತುರ್ದಶಿ. ಕೆಲಸಗಾರರು ಊರಿಗೆ ಹೋಗಿದ್ದರು. "ಗಿರಿಜಮ್ಮ, ಬಟ್ಟೆ ಹಿಡ್ಕೊಳ್ಳಕ್ಕೆ ಇನ್ನೊಂದು ಜೊತೆ ಕೈ ಬೇಕು. ಬರ್ತೀಯಾ?" ಎಂದರು. ನನಗೆ ರಜೆ ಸಾಲದೆ ಊರಿಗೆ ಹೋಗುವುದು ತಪ್ಪಿತ್ತು. ಬರುತ್ತೇನೆಂದೆ.

ಚತುರ್ದಶಿಯ ಬೆಳಗಿನ ಜಾವ ಜಯಮ್ಮ ಆಂಟಿ ಬಾಗಿಲು ತಟ್ಟಿದರು. ಕೈಯಲ್ಲಿ ಬೆಚ್ಚಗಿನ ಹರಳೆಣ್ಣೆ, ಕೊಬ್ಬರಿ ಎಣ್ಣೆ ಬೆರೆಸಿದ ಬಟ್ಟಲು.

"ಆಂಟಿ, ಬ್ಯಾಡ್ರೀ, ಇವತ್ತ ಕೆಲಸಕ್ಕ ಹೋಗೂದೈತಿ," ಎಂದೆ.

"ಹಬ್ಬದ ದಿನ ಎಣ್ಣೆ ಬ್ಯಾಡ ಅಂದ್ರೆ ಏನಮ್ಮಾ? ನಿಮ್ಮಮ್ಮ ಇದ್ದಿದ್ರೆ ಬಿಡೋಳಾ? ಕುಂತ್ಕೋ ಮಗ."

ಕೂತೆ. ಕೂರದೆ ಏನು ಮಾಡಲಿ? ಮನೆ ಬಿಟ್ಟು ಎಂಟು ತಿಂಗಳಾಗಿತ್ತು. ಯಾರೂ ನನ್ನ ತಲೆ ಮುಟ್ಟಿರಲಿಲ್ಲ. ನೆತ್ತಿಗೆ ತಟ್ಟಿ, ಸೊಂಟದವರೆಗಿನ ಕೂದಲಿಗೆಲ್ಲ ತೀಡಿ, ಅವರು ತಮ್ಮ ಅತ್ತೆಯ ಮನೆಯ ಸುದ್ದಿ ಹೇಳುತ್ತಿದ್ದರೆ ನನಗೆ ಕಣ್ಣು ತುಂಬಿ ಬಂತು. ಆಮೇಲೆ ಸೀಗೆಪುಡಿ ಹಾಕಿ ಮೂರು ಸಲ ತೊಳೆದೆ. ಕೈಗಳನ್ನು ಸೋಪಿನಿಂದ ಉಜ್ಜಿ ಉಜ್ಜಿ ಕೆಂಪಾಗಿಸಿಕೊಂಡೆ. ಕೈಯ ಮೇಲೇ ನನ್ನ ಗಮನ. ದಟ್ಟ ಕೂದಲು ಹರಳೆಣ್ಣೆಯನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ ಎನ್ನುವುದು ತಲೆಗೆ ಹೋಗಲಿಲ್ಲ. ಜಡೆ ಹೆಣೆದು ತುರುಬು ಕಟ್ಟಿ, ಮೇಲೆ ಬಟ್ಟೆ ಬಿಗಿದುಕೊಂಡು ಹೊರಟೆ.

ಶೆಡ್ಡಿನ ಉದ್ದನೆಯ ಮೇಜಿನ ಮೇಲೆ ಕೆಳಗಿನ ಹಾಳೆ ಹರಡಿತ್ತು. ಅದಕ್ಕೆ ಸಲ್ಯೂಷನ್ ಬಳಿದು, ನೈಲಾನ್ ಬಟ್ಟೆಯನ್ನು ಸುಕ್ಕಿಲ್ಲದಂತೆ ಇಬ್ಬರೂ ಹಾಸಿದೆವು. ಬಟ್ಟೆಗೆ ಮತ್ತೊಂದು ಸಲ ಬಳಿದು ಆರಲು ಬಿಟ್ಟು, ಕೆಂಪಣ್ಣ ಉರುಳೆ ತರಲು ಒಳಗೆ ಹೋದರು. ಅಂಚಿನಲ್ಲೊಂದು ದಾರದ ಎಳೆ ಕಂಡು ಅದನ್ನು ತೆಗೆಯಲು ನಾನು ಬಾಗಿದೆ. ತಲೆಯ ಬಟ್ಟೆ ಜಾರಿತು, ತುರುಬು ಬಿಚ್ಚಿ ಜಡೆ ನೇರವಾಗಿ ನೈಲಾನ್ ಬಟ್ಟೆಯ ಮೇಲೆ ಬಿತ್ತು. ಎತ್ತಿಕೊಂಡೆ. ಬಿದ್ದ ಕಡೆ ತೆಳುವಾದ ಒಂದು ಹೊಳಪು. ದುಪಟ್ಟಾದ ತುದಿಯಿಂದ ಒರೆಸಿದೆ. ಹೊಳಪು ಹೋಯಿತು, ಅಥವಾ ಹೋಯಿತೆಂದು ನಾನು ಅಂದುಕೊಂಡೆ. ಅಷ್ಟರಲ್ಲಿ ಕೆಂಪಣ್ಣ ಬಂದರು. ಹೇಳಲು ಬಾಯಿ ತೆರೆದೆ. ಗೇಟಿನ ಹೊರಗೆ ಒಂದು ವಾರ ನಿಂತಿದ್ದ ಆ ಬೋಂಡದ ಮನುಷ್ಯ ಕಣ್ಣ ಮುಂದೆ ಬಂದ. ಬಾಯಿ ಮುಚ್ಚಿಕೊಂಡೆ. ಮೇಲಿನ ಹಾಳೆ ಬಿತ್ತು, ಉರುಳೆ ಓಡಿತು, ಅದನ್ನು ಚೀಲವಾಗಿ ಮಡಿಚಿ ಡ್ರಮ್ಮಿಗಿಟ್ಟೆವು, ಸಂಜೆಯ ಹೊತ್ತಿಗೆ ತಿದಿ ಬೆಂದು ಹೊರಗೆ ಬಂತು.

ಅದು ಎಷ್ಟು ಚೆಂದ ಬಂದಿತ್ತೆಂದರೆ, ಕೆಂಪಣ್ಣ ತಮ್ಮ ಹೆಂಡತಿಯನ್ನು ಕರೆತಂದು ತೋರಿಸಿದರು. ಶುಕ್ರವಾರ ಗಾಳಿ ತುಂಬಿಸಿ ಮೈಗೆಲ್ಲ ಸೋಪಿನ ನೀರು ಬಳಿದು ನೋಡಿದೆವು. ಒಂದು ಗುಳ್ಳೆ ಏಳಲಿಲ್ಲ. ಶ್ರೀಧರ್ ಸಾರ್ ಅದರ ಬೆನ್ನು ತಟ್ಟುತ್ತ ಸುತ್ತ ಎರಡು ಸಲ ನಡೆದರು. "ನಾಳೆ ಬೆಳಿಗ್ಗೆ ವ್ಯಾನ್ ಬರುತ್ತೆ," ಎಂದರು. ಅವರ ಮುಖ ನೋಡಲು ನನಗಾಗಲಿಲ್ಲ. ಜಡೆ ಬಿದ್ದದ್ದು ಎಲ್ಲೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಚೀಲ ಅತಿ ಹೆಚ್ಚು ಮಡಿಚುವ ಜಾಗ ಅದು. ಪ್ರತಿ ಅಲೆಗೂ ಅಲ್ಲೇ ಬಾಗಬೇಕು.

ಅಂದು ರಾತ್ರಿ, ಒರೆಸಿದ್ದೇನಲ್ಲ, ಗಾಳಿಯ ಪರೀಕ್ಷೆಯಲ್ಲಿ ಪಾಸಾಗಿದೆಯಲ್ಲ ಎಂದು ಏನೇನೋ ಹೇಳಿಕೊಂಡೆ. ಮಳೆಗಾಲವಿಡೀ ಭೂತಗನ್ನಡಿ ಹಿಡಿದು ಬಿರುಕು ಹುಡುಕಿದವಳು ನಾನು. ನನಗೆ ನಾನೇ ಸುಳ್ಳು ಹೇಳಿಕೊಳ್ಳುವುದು ಕಷ್ಟವಾಯಿತು.

ಶನಿವಾರ ನಾನು ಹೋಗುವಷ್ಟರಲ್ಲಿ ವ್ಯಾನು ಗೇಟಿಗೆ ಬಂದಿತ್ತು. ಕೆಂಪಣ್ಣ, ಶ್ರೀಧರ್ ಸಾರ್ ಇಬ್ಬರೂ ಚೀಲಕ್ಕೆ ಗೋಣಿ ಸುತ್ತುತ್ತಿದ್ದರು.

"ಅಣ್ಣಾರ, ತಡೀರಿ. ಒಂದ್ ಮಾತು ಹೇಳೂದೈತಿ," ಎಂದೆ. ಮುಂದಿನದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. "ಹಬ್ಬದ ದಿನ ನಾ ತಲಿಗೆ ಎಣ್ಣಿ ಹಚ್ಕೊಂಡಿದ್ದೆ. ಬಟ್ಟಿ ಮ್ಯಾಲ ನನ್ನ ಜಡಿ ಬಿತ್ರಿ. ಒರಸಿ ಸುಮ್ನ ಇದ್ದೆ. ನಿಮಗ ಹೇಳಲಿಲ್ಲ."

ಕೆಂಪಣ್ಣ ಕೂಗಾಡುತ್ತಾರೆಂದು ಕಾದೆ. ಅವರು ಕೇಳಿದ್ದು ಒಂದೇ. "ಎಲ್ಲಿ?"

ತೋರಿಸಿದೆ. ಗೋಣಿ ಬಿಚ್ಚಿ, ಜೇಬಿನಿಂದ ರೂಪಾಯಿ ನಾಣ್ಯ ತೆಗೆದು ಅಲ್ಲಿ ತಟ್ಟುತ್ತ, ಕಿವಿ ಹಚ್ಚಿ ಕೇಳಿದರು. ಪಕ್ಕದಲ್ಲಿ ತಟ್ಟಿದರು. ಮತ್ತೆ ಅಲ್ಲಿ. "ಗೊತ್ತಾಗ್ತಿಲ್ಲ ಸಾರ್. ಅಂಟಿರ್ಬೋದು. ಅಂಟ್ದೇನೂ ಇರ್ಬೋದು."

"ಕತ್ತರಿಸ್ದೆ ತಿಳ್ಕೊಳ್ಳೋಕೆ ಬೇರೆ ದಾರಿ ಇಲ್ವಾ?"

"ಇಲ್ಲ ಸಾರ್. ಕತ್ತರಿಸಿದ್ರೆ ಇದು ಮುಗೀತು. ಇನ್ನೊಂದು ಮಾಡ್ಬೇಕಂದ್ರೆ ರಬ್ಬರು ಅರೀಬೇಕು, ಬಟ್ಟೆ ತರ್ಬೇಕು. ನಾಳೆ ಭಾನುವಾರಕ್ಕಾಗಲ್ಲ. ವೋಲ್ಟೇಜಿಗೆ ಮುಂದಿನ ಭಾನುವಾರಾನೇ ಗತಿ."

ಶ್ರೀಧರ್ ಸಾರ್ ಕನ್ನಡಕ ತೆಗೆದು ಅಂಗಿಯಿಂದ ಒರೆಸಿಕೊಂಡರು. ಆಮೇಲೆ ಗೇಟಿನ ಹತ್ತಿರ ಹೋಗಿ ಡ್ರೈವರಿಗೆ, "ಇವತ್ತು ಬೇಡಪ್ಪಾ, ಮುಂದಿನ ಸೋಮವಾರ ಬಾ," ಎಂದು ಹೇಳಿ ವ್ಯಾನು ಕಳಿಸಿ ಬಂದರು. "ಕತ್ತರಿಸಿ ಕೆಂಪಣ್ಣ."

ಚಾಕು ಹಾಕಿ, ಮೇಲಿನ ಪದರದ ತುದಿಯನ್ನು ಇಕ್ಕಳದಲ್ಲಿ ಹಿಡಿದು ಎಳೆದರು. ಮೊದಲು ಬರಲಿಲ್ಲ, ಬಿಗಿಯಾಗಿ ಕೂತಿತ್ತು. ಇಷ್ಟೆಲ್ಲ ವ್ಯರ್ಥ ಮಾಡಿಸಿದೆನೇ? ಇನ್ನೊಂದು ಇಂಚು ಎಳೆದಾಗ ಪದರ ಸಲೀಸಾಗಿ ಎದ್ದು ಬಂತು, ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಎದ್ದ ಹಾಗೆ. ಅಗಲ ಎರಡು ಬೆರಳು. ಉದ್ದ ನನ್ನ ಜಡೆಯಷ್ಟೇ.

ಕೆಂಪಣ್ಣ ಹೇಳಿದರು, "ಆವತ್ತೇ ಹೇಳಿದ್ರೆ ಪೆಟ್ರೋಲ್ ಬಟ್ಟೇಲಿ ಒರ್ಸಿ ಮುಂದಕ್ಕೆ ಹೋಗ್ತಿದ್ವಿ ಕಣಮ್ಮ. ಐದು ನಿಮಿಷದ ಕೆಲಸ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಚಾಕು ಒರೆಸಿಟ್ಟು, ಇನ್ನೂ ಮೆಲ್ಲನೆ, "ಬೋಂಡ ತಿಂದೋನ್ನ ನಾನು ಆಚೆ ನಿಲ್ಲಿಸ್ಬಾರ್ದಾಗಿತ್ತು," ಎಂದರು.

ಸಂಜೆ ಮನೆಗೆ ಹೋದಾಗ ಜಯಮ್ಮ ಆಂಟಿ ಮೆಟ್ಟಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಯಾಕ್ ಮಗ, ಮುಖ ಬಾಡೈತೆ?"

"ತಲಿನೋವು ಆಂಟಿ."

"ಬಾ, ಒಂಚೂರು ಎಣ್ಣೆ ತಟ್ತೀನಿ."

ಮರುದಿನ ಭಾನುವಾರ, ಶೆಡ್ಡಿನಲ್ಲಿ ನನಗೆ ಕೆಲಸವಿರಲಿಲ್ಲ. ಅವರ ಮುಂದೆ ಕೂತು ತಲೆ ಕೊಟ್ಟೆ. ಅವರಿಗೆ ಏನೂ ಹೇಳಲಿಲ್ಲ. ಆ ಮನೆಯಲ್ಲಿದ್ದ ಐದು ವರ್ಷವೂ ಹೇಳಲಿಲ್ಲ. ಅಷ್ಟು ಪ್ರೀತಿಯಿಂದ ಮಾಡಿದ್ದನ್ನು ಯಾವ ಬಾಯಿಂದ ತಪ್ಪಿನ ಪಟ್ಟಿಗೆ ಸೇರಿಸಲಿ?

ಮುಂದಿನ ಭಾನುವಾರಕ್ಕೆ ಎರಡನೆಯ ತಿದಿಗೆ ಎಲ್ಲ ಸಿದ್ಧವಾಯಿತು. ಕೆಲಸಗಾರರು ಊರಿನಿಂದ ಬಂದಿದ್ದರು, ನನ್ನ ಅಗತ್ಯ ಇರಲಿಲ್ಲ. ಆದರೂ ಕೆಂಪಣ್ಣ ಶನಿವಾರವೇ ಹೇಳಿದ್ದರು, "ಬಟ್ಟೆ ಹಿಡಿಯೋಕೆ ನೀನೇ ಬರ್ಬೇಕು." ಆ ವಾರ ನಾನು ತಲೆ ತೊಳೆದದ್ದಕ್ಕೆ ಲೆಕ್ಕವಿಲ್ಲ. ಚೀಲ ಮಡಿಚುವ ಜಾಗ ಬಂದಾಗ ಅವರು ಉರುಳೆಯನ್ನು ನನ್ನ ಕೈಗೇ ಕೊಟ್ಟು, ತಾವು ಒಂದು ಹೆಜ್ಜೆ ಹಿಂದೆ ನಿಂತರು.

ಸೋಮವಾರ ತಿದಿಯ ಜತೆ ಅವರಿಬ್ಬರೂ ಕರಾವಳಿಗೆ ಹೋದರು. ಕಟ್ಟಿದ್ದು ಬುಧವಾರ. ಹದಿನೈದರಲ್ಲಿ ಒಂಬತ್ತು ದಿನ ಕಳೆದಿತ್ತು, ಆರು ಉಳಿದಿತ್ತು. ಸಂಜೆ ಶೆಡ್ಡಿನ ಫೋನು ಹೊಡೆದುಕೊಂಡಿತು. "ಗಿರಿಜಮ್ಮ," ಎಂದು ಕೆಂಪಣ್ಣ ಎಸ್‌ಟಿಡಿ ಬೂತಿನಿಂದ ಕೂಗಿದರು, "ಉಸಿರಾಡ್ತೈತೆ ಕಣಮ್ಮ. ಅಲೆ ಬಂದಾಗೆಲ್ಲ ಪೈಪಲ್ಲಿ ಬುಸ್ ಅಂತ ಬರ್ತೈತೆ. ಚಕ್ರ ತಿರುಗ್ತೈತೆ." ಹಿಂದಿನಿಂದ ಏನೋ ಭೋರ್ಗರೆಯುತ್ತಿತ್ತು. ಅದು ಲಾರಿಯೋ ಸಮುದ್ರವೋ ನನಗೆ ತಿಳಿಯಲಿಲ್ಲ.

ಐದನೆಯ ದಿನ ಗಾಳಿ ಎದ್ದು ಅಲೆಗಳು ಗೋಡೆಯ ಮೇಲೇ ಹಾರಿದವಂತೆ. ತಿದಿ ತಾಳಿತು. ಮೀನಿನ ವಾಸನೆ ಹೊತ್ತು, ಮೈಮೇಲೆ ಉಪ್ಪಿನ ಬಿಳಿ ಕಲೆಗಳೊಂದಿಗೆ ಅದು ಚಿಕ್ಕಲಸಂದ್ರಕ್ಕೆ ವಾಪಸು ಬಂದಾಗ ಕೆಂಪಣ್ಣ ಅದೇ ಜಾಗಕ್ಕೆ ಚಾಕು ಹಾಕಿ, ಇಕ್ಕಳದಿಂದ ಎಳೆದರು. ಎರಡೂ ಕೈ ಹಾಕಿ, ಕಾಲು ಕೊಟ್ಟು ಎಳೆದರು. ರಬ್ಬರು ಚೂರು ಚೂರಾಗಿ ಹರಿಯಿತು, ಪದರ ಬಿಡಲಿಲ್ಲ.

ಜನವರಿಯ ಕೊನೆಯ ವಾರ ಶ್ರೀಧರ್ ಸಾರ್ ಬಂದರು. ಹೊಂಗೆ ಮರದ ಕೆಳಗೆ ಮೂವರೂ ಟೀ ಕುಡಿಯುತ್ತಿದ್ದಾಗ ಹೇಳಿದರು. "ಆರು ದಿನದ ಅಳತೆ ಸಾಲದು ಅಂದ್ರು. ಫೈಲ್ ಮುಚ್ಚಿದ್ರು."

ಕೆಂಪಣ್ಣ ಲೋಟ ಕೆಳಗಿಟ್ಟು ಒಳಗೆ ಹೋದರು. ನನಗೆ ಅಲ್ಲಿ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ. "ನಾ ಅವತ್ತ ಹೇಳಬಾರದಿತ್ತೇನ್ರೀ ಸರ್?" ಎಂದು ಕೇಳಿದೆ.

ಅವರು ನನ್ನನ್ನು ಅಚ್ಚರಿಯಿಂದ ನೋಡಿದರು. "ಹೇಳ್ದೇ ಇದ್ದಿದ್ರೆ ಏನಾಗ್ತಿತ್ತು ಯೋಚ್ನೆ ಮಾಡಿ ಗಿರಿಜಾ. ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಬಿಚ್ಕೊಳ್ತಿತ್ತು. ಯಾಕೆ ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಅಲೆಗೆ ರಬ್ಬರು ತಡೆಯಲ್ಲ ಅಂತ ನಾನೇ ನನ್ನ ಕೈಯಾರೆ ಬರೆದು ಸೈನ್ ಹಾಕ್ತಿದ್ದೆ. ನನ್ನ ಹಿಂದೆ ಬರೋರು ಅದನ್ನ ಓದಿ ನಂಬ್ತಿದ್ರು. ಈಗ ಬರೆದಿರೋದು ಏನ್ ಗೊತ್ತಾ? ಆರು ದಿನ ಕಟ್ಟಿದ್ವಿ, ತಂದು ನೋಡಿದ್ವಿ, ಪದರ ಬಿಟ್ಟಿಲ್ಲ. ಅಷ್ಟು ನಿಜ ಫೈಲಲ್ಲಿ ಇದೆ. ಯಾರಾದ್ರೂ ತೆಗೆದ್ರೆ ಸಿಗುತ್ತೆ."

ನನ್ನ ಸಮಾಧಾನಕ್ಕೆ ಹೇಳಿದರೋ, ಅವರೇ ಹಾಗೆ ನಂಬಿದ್ದರೋ ಇಂದಿಗೂ ತಿಳಿಯದು. ಟೀ ಮುಗಿಸಿ, ಕೆಂಪಣ್ಣನಿಗೆ ಒಳಗೆ ಹೋಗಿ ಹೇಳಿ ಬಂದು, ಸ್ಕೂಟರು ಹತ್ತಿದರು. ಹನ್ನೊಂದು ವರ್ಷದ ದುಡಿಮೆಯ ಕೊನೆಗೆ ಅವರಿಗೆ ಬೇಕಿದ್ದದ್ದು ಹದಿನೈದು ದಿನ. ಅದರಲ್ಲಿ ಒಂಬತ್ತನ್ನು ನಾನು ಕಳೆದೆ, ತಿರುಗಿ ಕೊಡಲು ನನ್ನಿಂದಾಗಲಿಲ್ಲ. ಅವರು ಒಂದು ದಿನಕ್ಕೂ ನನ್ನ ಹತ್ತಿರ ಲೆಕ್ಕ ಕೇಳಲಿಲ್ಲ.